ಮೆರಾಫೊಂಗ್‌ನಿಂದ ಬಂದ ಧೂಳು

ನಮ್ಮ ತಾತ ದಮ್ಮಿನಿಂದ ಹೋದರು ಎಂದೇ ಮನೆಯಲ್ಲಿ ಹೇಳುತ್ತಿದ್ದರು. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಗೆ ಸೇರಿ ಇಪ್ಪತ್ತಾರು ವರ್ಷ ನೆಲದಡಿ ದುಡಿದವರು. ಕೊನೆಯ ಎರಡು ವರ್ಷ ಅಡ್ಡಾಗಲು ಆಗದೆ, ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದರಂತೆ. ನಾನು ಹುಟ್ಟುವ ಮೊದಲೇ, 1978ರಲ್ಲಿ, ತೀರಿಕೊಂಡರು. ದಮ್ಮು ಎಂಬ ಆ ಮಾತನ್ನು ನಾನು ಲೆಸೊಥೊಗೆ ಬರುವವರೆಗೂ ನಂಬಿದ್ದೆ.

ಮೂರು ವರ್ಷದಿಂದ ಇಲ್ಲಿನ ಲೆರಿಬೆ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಪ್ರಯೋಗಾಲಯದ ತಂತ್ರಜ್ಞೆಯಾಗಿದ್ದೇನೆ. ಲೆಸೊಥೊದ ನಾಲ್ಕೂ ದಿಕ್ಕಿಗೆ ದಕ್ಷಿಣ ಆಫ್ರಿಕಾ ಒಂದೇ ದೇಶ. ಇಲ್ಲಿ ಅತಿ ತಗ್ಗಿನ ಜಾಗವೂ ಹೆಚ್ಚುಕಡಿಮೆ ನಂದಿಬೆಟ್ಟದ ತುದಿಯಷ್ಟು ಎತ್ತರದಲ್ಲಿದೆ. ಜುಲೈ ಬಂದರೆ ಬೆಟ್ಟಗಳ ಮೇಲೆ ಹಿಮ ಕೂರುತ್ತದೆ. ಉಣ್ಣೆಯ ಕಂಬಳಿಯನ್ನು ಭುಜದ ಮೇಲೆ ಪಿನ್ನು ಹಾಕಿ ಹೊದ್ದ ಗಂಡಸರು, ಕೆಲವರು ಕುದುರೆಯ ಮೇಲೆ, ಬೆಳಗಿನ ಜಾವವೇ ಹೊರಟು ಬರುತ್ತಾರೆ. ಕಫದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಹಿರಿಯರನ್ನು 'ನ್ಟಾಟೆ' ಎನ್ನಬೇಕು. ಅಪ್ಪ ಎಂದರ್ಥ.

ಈ ದೇಶದಲ್ಲಿ ಜನ ಯಾವುದರಿಂದ ಸಾಯುತ್ತಾರೆ ಎಂದು ಊರಿನಿಂದ ಫೋನು ಮಾಡಿದವರೆಲ್ಲ ಕೇಳುತ್ತಾರೆ, ಏಡ್ಸ್ ಎಂಬ ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಾರೆ. ಅದು ಸುಳ್ಳಲ್ಲ. ಇಲ್ಲಿನ ವಯಸ್ಕರಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ಎಚ್‌ಐವಿ ಸೋಂಕಿದೆ. ಆದರೆ 2016ರಿಂದ, ಸೋಂಕು ಪತ್ತೆಯಾದ ಕೂಡಲೇ ಯಾರನ್ನೂ ಕಾಯಿಸದೆ ಮಾತ್ರೆ ಆರಂಭಿಸುವ ಪದ್ಧತಿ ಬಂದಿದೆ. ಆ ಮಾತ್ರೆಗಳಿಂದ ಬದುಕಿ ಮೊಮ್ಮಕ್ಕಳನ್ನು ಎತ್ತಿಕೊಂಡು ಬರುವ ಅಜ್ಜಿಯರನ್ನು ನಾನು ವಾರವಾರವೂ ನೋಡುತ್ತೇನೆ. ಪಾರ್ಶ್ವವಾಯು, ಹೃದಯದ ಕಾಯಿಲೆ, ನ್ಯುಮೋನಿಯಾ, ರಸ್ತೆ ಅಪಘಾತ ಎಲ್ಲವೂ ಪಟ್ಟಿಯಲ್ಲಿವೆ. ಆತ್ಮಹತ್ಯೆಯ ಪ್ರಮಾಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು ಈ ಪುಟ್ಟ ದೇಶವನ್ನು ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿ ಇಟ್ಟಿತು. ಅದನ್ನು ಬರೆಯಲು ಬೇರೆಯೇ ದಿನ ಬೇಕು.

ನನ್ನ ಮೇಜಿಗೆ ಬರುವುದು ಕ್ಷಯ. ಸೆಸೊಥೊ ಭಾಷೆಯಲ್ಲಿ 'ಲೆಫುಬಾ'. ನಮ್ಮ ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಇನ್ನೂರರ ಆಸುಪಾಸು ಮಂದಿಗೆ ಕ್ಷಯ ಬರುತ್ತದೆ, ಅದೇ ನಮಗೆ ದೊಡ್ಡ ಹೊರೆ. ಇಲ್ಲಿ ಅದು ಲಕ್ಷಕ್ಕೆ ಆರುನೂರನ್ನು ದಾಟುತ್ತದೆ. ಕೋಲಾರದಲ್ಲಿ ಕೆಲಸ ಕಲಿಯುವಾಗ ಗಾಜಿನ ಪಟ್ಟಿಯ ಮೇಲೆ ನೀಲಿಯ ನಡುವೆ ಕೆಂಪು ಕಡ್ಡಿಗಳಂಥ ಕ್ಷಯದ ಕ್ರಿಮಿಗಳನ್ನು ಹುಡುಕಿ ಕಣ್ಣು ನೋಯುತ್ತಿತ್ತು. ಈಗ ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯಲ್ಲಿ ರೋಗವಿದೆಯೇ ಎಂದೂ, ರಿಫಾಂಪಿಸಿನ್ ಮದ್ದಿಗೆ ಬಗ್ಗುತ್ತದೆಯೇ ಎಂದೂ ಹೇಳಿಬಿಡುತ್ತದೆ.

ಮೊದಲ ಚಳಿಗಾಲದಲ್ಲೇ ಒಂದು ವಿಷಯ ನನ್ನನ್ನು ಕಾಡತೊಡಗಿತು. ಐವತ್ತೈದು ದಾಟಿದ ಗಂಡಸರಲ್ಲಿ ಹಲವರು ಎರಡನೆಯ ಸಲ, ಮೂರನೆಯ ಸಲ ಕ್ಷಯಕ್ಕೆ ಬಂದವರು. ಕೆಲವರ ಕಫದಲ್ಲಿ ಏನೂ ಸಿಗದಿದ್ದರೂ ನಾಲ್ಕು ಹೆಜ್ಜೆಗೆ ಏದುಸಿರು. ಎಲ್ಲಿ ದುಡಿಯುತ್ತಿದ್ದಿರಿ ಎಂದರೆ ಒಂದೇ ಉತ್ತರ: ಮೆರಾಫೊಂಗ್. ಅಂದರೆ ಗಣಿಗಳಲ್ಲಿ. ವೆಲ್ಕಮ್, ಕಾರ್ಲ್‌ಟನ್‌ವಿಲ್ ಎಂದು ಚಿನ್ನದ ಗಣಿಗಳಿರುವ ಊರುಗಳ ಹೆಸರನ್ನೂ, ಹದಿನೆಂಟು, ಇಪ್ಪತ್ತೆರಡು ಎಂದು ವರ್ಷಗಳ ಲೆಕ್ಕವನ್ನೂ ಹೇಳುತ್ತಾರೆ. 1990ರ ಹೊತ್ತಿಗೆ ಲೆಸೊಥೊದ ಒಂದು ಲಕ್ಷಕ್ಕೂ ಹೆಚ್ಚು ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿದ್ದರು. ಆಗ ಇಲ್ಲಿನ ಒಟ್ಟು ಜನಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಯಾವ ಮನೆಗೆ ಹೋದರೂ ಗಣಿ ಕಂಡವರೊಬ್ಬರು ಇದ್ದೇ ಇರುತ್ತಿದ್ದರು.

ಚಿನ್ನ ಕೂತಿರುವುದು ಬೆಣಚುಕಲ್ಲಿನಲ್ಲಿ. ಕೊರೆದಾಗ, ಸಿಡಿಸಿದಾಗ ಏಳುವ ನವಿರು ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದನ್ನು ನುಂಗಿ ಹೊರಹಾಕಬೇಕಾದ ರಕ್ಷಕ ಕೋಶಗಳು ನುಂಗಿಯೇ ಸಾಯುತ್ತವೆ. ಅವು ಸತ್ತಲ್ಲೆಲ್ಲ ಗಾಯದ ಗಂಟು. ಇದು ಸಿಲಿಕೋಸಿಸ್. ಕ್ಷಯದ ಕ್ರಿಮಿಯನ್ನು ಹಿಡಿದಿಡಬೇಕಾದದ್ದೂ ಅದೇ ಕೋಶಗಳೇ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಾರರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಸಿಲಿಕೋಸಿಸ್ ಇದ್ದರೆ ಕ್ಷಯದ ಅಪಾಯ ಸುಮಾರು ಮೂರು ಪಟ್ಟು, ಎಚ್‌ಐವಿ ಇದ್ದರೆ ಐದು ಪಟ್ಟು, ಎರಡೂ ಸೇರಿದರೆ ಹದಿನೈದು ಪಟ್ಟು ಎಂದು ತೋರಿಸಿತು. ಈ ಎರಡೂ ಒಬ್ಬನಲ್ಲೇ ಸೇರಿದ್ದು ಆಕಸ್ಮಿಕವಲ್ಲ. ಹೆಂಡತಿ ಮಕ್ಕಳನ್ನು ಕರೆತರಲು ಬಿಡದೆ, ವರ್ಷದ ಹನ್ನೊಂದು ತಿಂಗಳು ಗಂಡಸರನ್ನು ಹಾಸ್ಟೆಲ್‌ಗಳಲ್ಲಿ ತುಂಬಿಟ್ಟ ವ್ಯವಸ್ಥೆಯೇ ಧೂಳನ್ನೂ ಕೊಟ್ಟಿತು, ಸೋಂಕನ್ನೂ ಕೊಟ್ಟಿತು. ಗುತ್ತಿಗೆ ಮುಗಿದ ಮೇಲೆ ಇವನ್ನು ಹೊತ್ತು ಬೆಟ್ಟದ ಹಳ್ಳಿಗೆ ಮರಳಿದವರ ಪಕ್ಕದಲ್ಲಿ, ಚಳಿಗೆ ಕಿಟಕಿ ಮುಚ್ಚಿದ ದುಂಡು ಮನೆಯಲ್ಲಿ, ಮಕ್ಕಳು ಮಲಗಿದರು.

ತಿಂಗಳ ಕೊನೆಯಲ್ಲಿ ಕ್ಷಯದ ರಿಜಿಸ್ಟರನ್ನು ವಾರ್ಡಿನ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸವೂ ನನ್ನದೇ. ಗುಣವಾಯಿತು, ಚಿಕಿತ್ಸೆ ಮುಗಿಯಿತು, ಮರಣ. ಮರಣದ ಎದುರು ಕಾರಣ: ಕ್ಷಯ. ಎಚ್‌ಐವಿ. ನ್ಯುಮೋನಿಯಾ. ವೈದ್ಯರು ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮೂರು ವರ್ಷದಲ್ಲಿ ಆ ಕಾಲಂನಲ್ಲಿ ಧೂಳಿನ ಹೆಸರನ್ನು ನಾನು ನೋಡಿದ್ದು ಎರಡೇ ಸಲ.

ಬರೆದಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ಹಣ ಸಿಗುತ್ತಿತ್ತು. ಗಣಿ ಕಾರ್ಮಿಕರು ಹೂಡಿದ ಸಾಮೂಹಿಕ ದಾವೆಯಲ್ಲಿ ಆರು ಕಂಪನಿಗಳು ಒಪ್ಪಿದ ರಾಜಿಗೆ 2019ರ ಜುಲೈನಲ್ಲಿ ಜೊಹಾನ್ಸ್‌ಬರ್ಗ್‌ನ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಸುಮಾರು 500 ಕೋಟಿ ರ್‍ಯಾಂಡ್. ಅದನ್ನು ಹಂಚಲು ಟ್ಶಿಯಾಮಿಸೊ ಎಂಬ ಟ್ರಸ್ಟ್ ಆಯಿತು. 1965ರ ಮಾರ್ಚ್‌ನಿಂದ 2019ರ ಡಿಸೆಂಬರ್‌ವರೆಗೆ ಆ ಕಂಪನಿಗಳ ಗಣಿಯಲ್ಲಿ ದುಡಿದವರು, ಸತ್ತಿದ್ದರೆ ಅವರ ಮನೆಯವರು, ಅರ್ಜಿ ಹಾಕಬಹುದು. ಆದರೆ ಸತ್ತವರ ಎದೆಯಲ್ಲಿ ಏನಿತ್ತು ಎಂಬುದಕ್ಕೆ ದಾಖಲೆ ಬೇಕು. ದಕ್ಷಿಣ ಆಫ್ರಿಕಾದ ಕಾನೂನಿನಲ್ಲಿ ಇನ್ನೊಂದು ದಾರಿಯೂ ಇದೆ: ಮನೆಯವರು ಒಪ್ಪಿದರೆ ಸತ್ತ ಗಣಿಗಾರನ ಹೃದಯ ಮತ್ತು ಶ್ವಾಸಕೋಶವನ್ನು ಜೊಹಾನ್ಸ್‌ಬರ್ಗ್‌ಗೆ ಕಳಿಸಿ ಪರೀಕ್ಷೆ ಮಾಡಿಸಬಹುದು. ಎದೆ ಖಾಲಿಯಾದ ಗಂಡನನ್ನು ಮಣ್ಣು ಮಾಡಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ?

ಕಳೆದ ತಿಂಗಳು ಒಬ್ಬ ವಿಧವೆ ಕವರಿನಲ್ಲಿ ಹಳೆಯ ಎಕ್ಸ್-ರೇ ತಂದಿದ್ದರು. ಹಾಸಿಗೆಯ ಕೆಳಗೆ ಒಂಬತ್ತು ವರ್ಷ ಇಟ್ಟಿದ್ದರಂತೆ. ನಮ್ಮ ವೈದ್ಯರು ಅದನ್ನು ಬೆಳಕಿಗೆ ಹಿಡಿದು ನನ್ನನ್ನೂ ಕರೆದು ತೋರಿಸಿದರು. ಎರಡೂ ಕಡೆ, ಮೇಲಿನ ಭಾಗದಲ್ಲಿ, ದುಂಡನೆಯ ಸಣ್ಣ ಬಿಳಿ ಗಂಟುಗಳು. ಇಷ್ಟು ಸಾಕು, ಅರ್ಜಿ ಹಾಕಿ ಎಂದು ವೈದ್ಯರು ಹೇಳಿದಾಗ ಆಕೆ ಆ ಹಾಳೆಯನ್ನು ಮತ್ತೆ ಕವರಿಗೆ ಸೇರಿಸಿ ಕಂಬಳಿಯೊಳಗೆ ಎದೆಗೆ ಒತ್ತಿಕೊಂಡರು.

ಕೋಲಾರದ ಗಣಿಗಳಲ್ಲೂ 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ್ದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಇತ್ತು. ಓದುವಾಗ ಪಠ್ಯಪುಸ್ತಕದಲ್ಲಿ ಈ ಅಂಕಿಯನ್ನು ನಾನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆಗೆಲ್ಲ ತಾತನ ನೆನಪು ಬಂದಿರಲಿಲ್ಲ.

ಆ ವಿಧವೆ ಬಂದುಹೋದ ದಿನ ರಾತ್ರಿ ರಾಬರ್ಟ್‌ಸನ್ ಪೇಟೆಯಲ್ಲಿರುವ ಸೋದರತ್ತೆಗೆ ಫೋನು ಮಾಡಿ, ತಾತನ ಕಾಗದಪತ್ರ ಏನಾದರೂ ಉಳಿದಿದೆಯೇ ಎಂದು ಕೇಳಿದೆ. ಏನೂ ಇಲ್ಲ ಎಂದರು. ಎಕ್ಸ್-ರೇ? ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು.

"ಒಂದು ಇತ್ತು. ಎಂಬತ್ತನೇ ಇಸವಿಯಲ್ಲಿ ದೊಡ್ಡ ಗ್ರಹಣ ಬಂತಲ್ಲ, ಸೂರ್ಯನನ್ನು ನೋಡಲು ನಿಮ್ಮಪ್ಪ ಅದನ್ನು ಕತ್ತರಿಸಿ ನಮಗೆಲ್ಲ ಒಂದೊಂದು ತುಂಡು ಕೊಟ್ಟ. ಕಪ್ಪಗಿದ್ದ ಕಡೆಯಷ್ಟೇ ಕೆಲಸಕ್ಕೆ ಬಂತು. ಮೇಲುಗಡೆಯೆಲ್ಲ ರಾಗಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಇತ್ತು, ಅದನ್ನು ಒಲೆಗೆ ಹಾಕಿದೆವು."