ಕಂಠದಾನಕ್ಕೆ ಮೊದಲು ಕೋಣೆ ಹುಡುಕಿ

‘ದನಿ ಚೆನ್ನಾಗಿದೆ ಅಂತಾರೆ, ಯಾವ ಮೈಕ್ ತಗೊಳ್ಳಲಿ?’ ಪುಸ್ತಕ, ಜಾಹೀರಾತು, ಸಿನಿಮಾಗಳಿಗೆ ದನಿ ಕೊಡುವ ಕೆಲಸಕ್ಕೆ ಇಳಿಯುವವರ ಮೊದಲ ಪ್ರಶ್ನೆ ಇದೇ. ಮೈಕ್ ಆಮೇಲೆ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಹೋದ ದನಿಯ ಸ್ಯಾಂಪಲ್ ಹಿಂದಕ್ಕೆ ಬಂದರೆ ದನಿಯನ್ನು ದೂರಬೇಡಿ. ಹಿಂದೆ ಕೇಳುವ ಫ್ಯಾನು, ಗೋಡೆಯ ಮಾರ್ದನಿ, ಹಂಚಿನ ಮೇಲಿನ ಮಳೆ, ಇವನ್ನು ಮೊದಲು ನೋಡಿ.

ಆಡಿಯೊಬುಕ್ ಕೆಲಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಹೀಗಿದೆ: ಓದಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್, ಅತಿ ಜೋರಿನ ಜಾಗ ಮೈನಸ್ 3 ದಾಟಬಾರದು, ಮಾತಿಲ್ಲದಾಗಿನ ಸದ್ದು ಮೈನಸ್ 60ರ ಕೆಳಗಿರಬೇಕು. ಇಲ್ಲಿ ಸೊನ್ನೆ ಎಂದರೆ ರೆಕಾರ್ಡಿಂಗಿನ ಗರಿಷ್ಠ ಮಟ್ಟ, ಮೈನಸ್ ಹೆಚ್ಚಿದಷ್ಟೂ ಸದ್ದು ಕಡಿಮೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅಳೆಯಲು ಅದು ಸಾಕು. ಒಂದು ನಿಮಿಷ ಓದಿ, ಮೂವತ್ತು ಸೆಕೆಂಡ್ ಉಸಿರು ಬಿಗಿಹಿಡಿಯದೆ ಸುಮ್ಮನೆ ಕೂತಿರಿ. ಓದಿನ ಸರಾಸರಿ ಆ ಮೈನಸ್ 23–18ಕ್ಕೆ ಬರುವಂತೆ ಇಡೀ ರೆಕಾರ್ಡಿಂಗನ್ನು ಏರಿಸಿದ ನಂತರವೇ ಆ ಮೌನವನ್ನು ಅಳೆಯಿರಿ. ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿಟ್ಟು ಅಳೆದರೆ ಎಲ್ಲರ ಮನೆಯೂ ಸ್ಟುಡಿಯೊನೇ! ಮೈನಸ್ 50 ಬಂತೋ, ಫ್ರಿಜ್ಜು, ಫ್ಯಾನು, ಇನ್ವರ್ಟರ್ ಒಂದೊಂದಾಗಿ ಆರಿಸುತ್ತ ಮತ್ತೆ ಅಳೆಯಿರಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಗುಂಯ್ ಅನ್ನುವ ಸದ್ದು ಹೋಗುವುದೂ ಉಂಟು.

ಇನ್ವರ್ಟರ್, ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಸಾಫ್ಟ್‌ವೇರ್ ಒಂದಷ್ಟು ತೆಗೆಯುತ್ತದೆ. ಮಳೆಯನ್ನು ಚೊಕ್ಕವಾಗಿ ತೆಗೆಯುವುದು ಕಷ್ಟ. ಮಳೆಯ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕಗಳಲ್ಲೂ (ಫ್ರೀಕ್ವೆನ್ಸಿ) ಹರಡಿರುತ್ತದೆ, ಮೇಲಾಗಿ ಕ್ಷಣಕ್ಕೊಂದು ಥರ. ನಮ್ಮ ಸ, ಶ, ಷಗಳೂ ಅದೇ ಮೇಲಿನ ಜಾಗದಲ್ಲಿ ಕೂತಿವೆ. ಮಳೆ ಒರೆಸಲು ಹೋದರೆ ‘ಶಿರಸಿ’ಯ ಶಿಯೇ ಒರೆಸಿಹೋಗಿ ನೀರೊಳಗಿಂದ ಮಾತಾಡಿದಂತೆ ಕೇಳುತ್ತದೆ. ಸಂಜೆಯ ಕಪ್ಪೆ, ಜೀರುಂಡೆಗಳ ಸದ್ದು ತೆಗೆಯುವುದೂ ಸುಲಭವಲ್ಲ.

ಹಾಗಾಗಿ ಮನೆಯ ನಟ್ಟನಡುವಿನ ಸಣ್ಣ ಕೋಣೆ ಹುಡುಕಿ. ಮೇಲೆ ಮರದ ಅಟ್ಟವಿದ್ದರೆ ಪುಣ್ಯ, ಹಂಚಿಗೂ ನಿಮಗೂ ನಡುವೆ ಒಂದು ಪದರ ಸಿಕ್ಕಿತು. ಚಪ್ಪಾಳೆ ತಟ್ಟಿ ನೋಡಿ. ‘ಟಣ್’ ಎಂದು ಬಾಲ ಉಳಿದರೆ ಗೋಡೆ ದನಿಯನ್ನು ಹಿಂದಕ್ಕೆ ಎಸೆಯುತ್ತಿದೆ ಎಂದರ್ಥ. ಅಟ್ಟದ ಮೇಲಿನ ಹಳೆ ಹತ್ತಿ ಹಾಸಿಗೆ ಇಳಿಸಿ ನಿಮ್ಮ ಬೆನ್ನ ಹಿಂದೆ ಆನಿಸಿ ನಿಲ್ಲಿಸಿ. ಮೈಕು ಕೇಳುವುದು ನಿಮ್ಮ ಬಾಯಿಯನ್ನು, ಅದರ ಜೊತೆಗೆ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಎಡಬಲಕ್ಕೆ ದಪ್ಪ ಕಂಬಳಿ, ಕಾಲಡಿಗೆ ಜಮಖಾನ. ಮೊಟ್ಟೆ ಟ್ರೇ ಅಂಟಿಸುವ ಕೆಲಸ ಬೇಡ, ಹೊರಗಿನ ಸದ್ದನ್ನು ಅದು ಒಂದು ಚೂರೂ ತಡೆಯುವುದಿಲ್ಲ.

ಈಗ ಮೈಕ್. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ನಮ್ಮ ಕರಾವಳಿಯ ತೇವಕ್ಕೆ ನಾಜೂಕು. ಒಳಗಿನ ತೆಳು ಪೊರೆಗೆ ತೇವ ಹಿಡಿದರೆ ಚಟಚಟ ಎಂದು ಎಣ್ಣೆ ಸಿಡಿದಂಥ ಸದ್ದು ಬರುತ್ತದೆ, ಮೈಕೇ ಕೆಟ್ಟಿತೆಂದು ಹೆದರಬೇಕಾಗುತ್ತದೆ. ಕೆಲಸವಾದೊಡನೆ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರಿ ಬಣ್ಣ ತಿರುಗುವ ಬಗೆಯ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದಾಗ ಅದನ್ನು ಒಣಗಿಸಿ ಮತ್ತೆ ಬಳಸಿ. ಕೋಣೆ ಅಷ್ಟಕ್ಕಷ್ಟೇ ಇದ್ದರೆ ಅಷ್ಟು ಸೂಕ್ಷ್ಮವಲ್ಲದ, ಗಟ್ಟಿಮುಟ್ಟಾದ ಡೈನಮಿಕ್ ಮೈಕೇ ವಾಸಿ. ತೇವಕ್ಕೆ ಬಗ್ಗುವುದಿಲ್ಲ, ಹತ್ತಿರ ಕೂತು ಓದುವುದರಿಂದ ಕೋಣೆಯ ಸದ್ದೂ ಕಡಿಮೆ ಬರುತ್ತದೆ. ಕಂಡೆನ್ಸರ್ ಆದರೆ ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ತುಸು ಕಡಿಮೆ, 15–20 ಸೆಂಟಿಮೀಟರ್, ಡೈನಮಿಕ್ ಆದರೆ ಇನ್ನೂ ಹತ್ತಿರ. ಎರಡರಲ್ಲೂ ಮೈಕ್ ಸ್ವಲ್ಪ ಓರೆಗೆ. ನೇರ ಹಿಡಿದರೆ ಪ, ಫ, ಭಗಳ ಗಾಳಿ ಗುದ್ದುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಎಂದಿಟ್ಟು ವೇವ್ (WAV) ಫೈಲು ಉಳಿಸಿಕೊಳ್ಳಿ. ಎಂಪಿ3 ಮಾಡುವುದು ಕೊನೆಗೆ, ಕೇಳಿದರೆ ಮಾತ್ರ.

ಬಾಯಿಯ ವಿಚಾರ: ಕವಳ (ಎಲೆ ಅಡಿಕೆ) ಹಾಕಿದ ಬಾಯಲ್ಲಿ ಮೈಕಿನ ಮುಂದೆ ಕೂರಬೇಡಿ. ಅಡಿಕೆಯ ಒಗರಿಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ‘ಚಿಟ್’ ಸದ್ದು ಪ್ರತಿ ಪದದಲ್ಲೂ ಕೇಳುತ್ತದೆ. ಅದನ್ನು ಒಂದೊಂದಾಗಿ ಕತ್ತರಿಸುವವರೂ ನೀವೇ. ನೀರು ಕುಡಿಯುವುದಿದ್ದರೆ ಒಂದು ಗಂಟೆ ಮೊದಲಿಂದಲೇ ಗುಟುಕು ಗುಟುಕಾಗಿ.

ವೇಷವಿಲ್ಲದೆ ಕೂತು ಆಡುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಅರ್ಥ (ಪಾತ್ರದ ಮಾತು) ಹೇಳಿ ಪಳಗಿದವರಿಗೆ ಉಚ್ಚಾರ, ಉಸಿರು, ಭಾವ ಎಲ್ಲ ಕೈವಶ. ತೊಂದರೆ ಒಂದೇ, ಕೊನೆಯ ಸಾಲಿನ ಅಜ್ಜನಿಗೆ ಕೇಳಿಸುವ ಅಭ್ಯಾಸ. ಮೈಕ್ ಅಂದರೆ ಪಕ್ಕದಲ್ಲಿ ಕೂತ ಒಬ್ಬರ ಕಿವಿ. ಕೊಂಕಣಿ ಮನೆಮಾತಿನವರಲ್ಲಿ ಪದದ ಕೊನೆಯ ಸ್ವರ ಮೊಟಕಾಗುವುದುಂಟು. ‘ಬಂದನು’ ಎಂಬಲ್ಲಿ ನು ಪೂರ್ತಿ ಕೇಳಬೇಕು. ಮಹಾಪ್ರಾಣ ತಪ್ಪೀತೆಂದು ಹೆದರಿ ದಕಾರಕ್ಕೆಲ್ಲ ಧಕಾರ ಒತ್ತುವವರೂ ಇದ್ದಾರೆ, ಅದು ಇನ್ನೂ ಕಿರಿಕಿರಿ. ಊರಿನ ರಾಗವನ್ನು ಪೂರ್ತಿ ತೊಳೆದುಹಾಕಬೇಡಿ. ಸ್ಥಳೀಯ ಜಾಹೀರಾತಿಗೆ, ಪಾತ್ರಕ್ಕೆ ಅದೇ ಬೇಕಾಗುತ್ತದೆ. ಕೆಲಸ ಕೇಳಲು ಕಳಿಸುವ ಡೆಮೊ ಬೇರೆ ಬೇರೆ ಮಾಡಿ: ಜಾಹೀರಾತಿಗೊಂದು, ನಿರೂಪಣೆಗೊಂದು, ಪಾತ್ರಕ್ಕೊಂದು. ತಲಾ 60ರಿಂದ 90 ಸೆಕೆಂಡ್. ಮೊದಲ ಹತ್ತು ಸೆಕೆಂಡಿನಲ್ಲೇ ನಿಮ್ಮ ಅತ್ಯುತ್ತಮ ತುಣುಕು ಇರಲಿ, ಸಂಗೀತದ ಪೀಠಿಕೆ ಬೇಡ.

2015ರಲ್ಲಿ ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ ಕನ್ನಡಕ್ಕೆ ಡಬ್ಬಿಂಗಿನ ಬಾಗಿಲು ತೆರೆಯಿತು. ಆದರೆ ಆ ಕೆಲಸ ಬಹುಪಾಲು ಬೆಂಗಳೂರಿನ ಸ್ಟುಡಿಯೊಗಳಲ್ಲೇ, ಕರೆದಾಗ ಹೋಗಬೇಕು. ಕಾರವಾರದವರಿಗೆ ರಾತ್ರಿ ಪಂಚಗಂಗಾ ರೈಲಿದೆ. ಅಭ್ಯಾಸವನ್ನಂತೂ ಮನೆಯಲ್ಲೇ ಮಾಡಬಹುದು. ಸಿನಿಮಾ ದೃಶ್ಯವೊಂದರ ದನಿ ಬಂದ್ ಮಾಡಿ, ತುಟಿ ಮುಚ್ಚುವ ಕ್ಷಣಗಳನ್ನು ಗುರುತು ಹಾಕಿಕೊಳ್ಳಿ. ‘ಸ್ಟಾಪ್’ ಅಂದವನ ತುಟಿ ಮುಚ್ಚಿದ್ದರೆ ‘ನಿಲ್ಲು’ ಕೂರುವುದಿಲ್ಲ, ‘ನಿಲ್ಲಪ್ಪ’ ಹೆಚ್ಚುಕಮ್ಮಿ ಕೂರುತ್ತದೆ. ಮನೆಯಿಂದಲೇ ಆಗುವ ಕೆಲಸ ಆಡಿಯೊಬುಕ್, ಪಾಠದ ವಿಡಿಯೊ, ಸಣ್ಣ ಜಾಹೀರಾತು.

ಕಂಠದಾನ ಎಂಬ ಪದದಲ್ಲೇ ದಾನವಿದೆ, ಕೆಲಸ ಕೊಡುವ ಕೆಲವರು ಅದನ್ನು ಅಕ್ಷರಶಃ ಹಿಡಿಯುತ್ತಾರೆ. ಈಗಂತೂ ಹೊಸಬರಿಗೆ ಒಂದಕ್ಕೊಂದು ಸಂಬಂಧವಿಲ್ಲದ ಸಾವಿರ ವಾಕ್ಯ ಓದಿಕೊಡುವ ಕೆಲಸ ಮೊದಲು ಸಿಗುವುದುಂಟು. ಹಲವು ಜನರಿಂದ ತಲಾ ಅರ್ಧ ಗಂಟೆ ಕೇಳಿದರೆ ಅದು ಸಾಮಾನ್ಯವಾಗಿ ಮಾತು ಗುರುತಿಸುವ ಯಂತ್ರಕ್ಕೆ. ಒಬ್ಬರಿಂದಲೇ ಹತ್ತಿಪ್ಪತ್ತು ಗಂಟೆ ಕೇಳಿದರೆ ನಿಮ್ಮ ದನಿಯಲ್ಲೇ ಮಾತಾಡುವ ಯಂತ್ರಕ್ಕೆ ಎಂದು ತಿಳಿಯಿರಿ. ಯಾವುದಕ್ಕೆ, ಎಷ್ಟು ವರ್ಷ, ಎಐ ತರಬೇತಿಗೆ ಬಳಸಬಹುದೋ ಇಲ್ಲವೋ ಎಂಬುದು ಬರಹದಲ್ಲಿರಲಿ. ದರವನ್ನು ಮುಗಿದ ಆಡಿಯೊದ ನಿಮಿಷಕ್ಕೆ ಹೇಳಿ, ತಿದ್ದುಪಡಿ ಎಷ್ಟು ಸಲ ಎಂಬುದನ್ನೂ ಸೇರಿಸಿ. ಅವರು ಸಾಲು ಬದಲಿಸಿದರೆ ಮರುಓದಿಗೆ ಬೇರೆ ಹಣ.

ಹೊಸಬರಿಗೆ ಒಂದು ಗಂಟೆಯ ಆಡಿಯೊ ಮುಗಿಸಲು ಓದು, ಕತ್ತರಿ ಸೇರಿ ಐದಾರು ಗಂಟೆ ಬೇಕು. ಹಂಚಿನ ಮನೆಯಲ್ಲಿ ಕೂತು ಜುಲೈ ಗಡುವಿನ ಹತ್ತು ಗಂಟೆಯ ಪುಸ್ತಕ ಒಪ್ಪಿಕೊಳ್ಳುವ ಮೊದಲು, ದಿನಕ್ಕೆ ಎಷ್ಟು ಹೊತ್ತು ಮಳೆ ಹೊಳವಾಗುತ್ತದೆ ಎಂದು ಲೆಕ್ಕ ಹಾಕಿ.