ಹಳೆಯ ಗೇಮ್ ಕನ್ಸೋಲುಗಳು ನಿಜಕ್ಕೂ ಗಟ್ಟಿಯೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಗಳಿಂದ ಗೇಮ್ ಕನ್ಸೋಲುಗಳನ್ನು ದುರಸ್ತಿಗೆ ತರುವವರಲ್ಲಿ ಬಹುಮಂದಿ ನನ್ನೊಡನೆ ಒಂದೇ ಮಾತನ್ನು ಹೇಳುತ್ತಾರೆ. ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಮಾವನೋ ಅಣ್ಣನೋ ತಂದುಕೊಟ್ಟ ಟಿ.ವಿ. ಗೇಮ್ ಕೆಳಗೆ ಬಿದ್ದರೂ ನಡೆಯುತ್ತಿತ್ತು, ಈಗ ಐವತ್ತು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರ ವಾರಂಟಿ ಮುಗಿಯುವುದನ್ನೇ ಕಾದಿದ್ದು ಕೆಡುತ್ತದೆ ಎಂಬುದು ಅವರ ದೂರು. ಎರಡೂ ಕಾಲದ ಯಂತ್ರಗಳನ್ನು ಬಿಚ್ಚಿ ನೋಡುವ ಕೆಲಸ ನನ್ನದಾಗಿರುವುದರಿಂದ, ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ವಿವರವಾಗಿ ಬರೆಯಬೇಕೆನಿಸಿತು.

ಮೊದಲು ಹಳೆಯದನ್ನು ನೋಡೋಣ. ನಮ್ಮ ಕಡೆಗೆ ಬಂದ ಟಿ.ವಿ. ಗೇಮುಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮಿನ ನಕಲುಗಳು. ಅವುಗಳ ಪ್ರೊಸೆಸರಿನ ವೇಗ ಸುಮಾರು 1.8 ಮೆಗಾಹರ್ಟ್ಸ್ ಮಾತ್ರ. ಚಿಪ್ಪಿಗೆ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ಬೇಕಿರಲಿಲ್ಲ, ಫ್ಯಾನ್ ಇರಲಿಲ್ಲ, ತಿರುಗುವ ಡಿಸ್ಕ್ ಇರಲಿಲ್ಲ. ನಾವು ಕ್ಯಾಸೆಟ್ ಎಂದು ಕರೆಯುತ್ತಿದ್ದ ಪೆಟ್ಟಿಗೆಯೊಳಗೆ ಆಟವೇ ಒಂದು ಚಿಪ್ಪಾಗಿ ಕುಳಿತಿತ್ತು. ಕೆಲವೇ ವಾಟ್ ವಿದ್ಯುತ್ತಿನಲ್ಲಿ ನಡೆಯುವ, ಒಳಗೆ ಏನೂ ಅಲುಗಾಡದ ಯಂತ್ರ ಬಾಳಿಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ನಕಲುಗಳಲ್ಲಿ ಅಗ್ಗದವುಗಳೊಳಗೆ ಇಡೀ ಸರ್ಕ್ಯೂಟನ್ನು ಒಂದು ಕಪ್ಪು ಅಂಟಿನ ಗುಳ್ಳೆಯ ಅಡಿಯಲ್ಲಿ ಮುಚ್ಚಿಟ್ಟಿರುತ್ತಿದ್ದರು. ಅದು ಕೆಟ್ಟರೆ ಯಾರೂ ಏನೂ ಮಾಡುವಂತಿರಲಿಲ್ಲ. ಹಾಗೆ ಕೆಟ್ಟವೆಲ್ಲ ಗುಜರಿಗೆ ಹೋಗಿವೆ. ಇಂದು ಅಟ್ಟದ ಮೇಲೆ ಸಿಗುವುದು ಕೆಡದೆ ಉಳಿದವು ಮಾತ್ರ, ಮತ್ತು ಹಳೆಯ ಕಾಲವನ್ನು ನಾವು ಅಳೆಯುವುದು ಅವುಗಳಿಂದಲೇ.

ಅಸಲು ಕಂಪನಿಯ ಯಂತ್ರಗಳೂ ದೋಷಮುಕ್ತವಾಗಿರಲಿಲ್ಲ. ಅಮೆರಿಕದಲ್ಲಿ 1985ರಲ್ಲಿ ಮಾರಾಟಕ್ಕೆ ಬಂದ, ಫ್ಯಾಮಿಕಾಮಿನ ಅಮೆರಿಕನ್ ರೂಪವಾದ ಎನ್‌ಇಎಸ್‌ನಲ್ಲಿ ಕ್ಯಾಸೆಟ್ಟನ್ನು ಮುಂದಿನಿಂದ ತೂರಿಸಿ ಕೆಳಕ್ಕೆ ಒತ್ತಬೇಕಾಗಿತ್ತು. ಹಾಗೆ ಒತ್ತಿ ಒತ್ತಿ ಒಳಗಿನ 72 ಪಿನ್ನುಗಳ ಕನೆಕ್ಟರ್ ಸಡಿಲಗೊಂಡು ದೀಪ ಮಿನುಗುತ್ತಿತ್ತೇ ಹೊರತು ಆಟ ಬರುತ್ತಿರಲಿಲ್ಲ. ನಮ್ಮವರ ನಕಲುಗಳಲ್ಲಿ ಫ್ಯಾಮಿಕಾಮಿನಂತೆ ಮೇಲಿನಿಂದ ನೇರವಾಗಿ ತೂರಿಸುವ ವ್ಯವಸ್ಥೆಯಿದ್ದುದರಿಂದ ಈ ತೊಂದರೆ ನಮಗೆ ತಟ್ಟಲಿಲ್ಲ. 1990ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸೆಗಾ ಗೇಮ್ ಗೇರ್‌ನ ಕೆಪ್ಯಾಸಿಟರುಗಳು (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಭಾಗಗಳು) ಸೋರುತ್ತವೆ. 2001ರ ಮೊದಲ ಎಕ್ಸ್‌ಬಾಕ್ಸಿನಲ್ಲಿ ಗಡಿಯಾರಕ್ಕೆಂದು ಇಟ್ಟ ಒಂದು ಕೆಪ್ಯಾಸಿಟರ್ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಮೊದಮೊದಲ ಪ್ಲೇಸ್ಟೇಷನ್‌ಗಳಲ್ಲಿ ಡಿಸ್ಕ್ ಓದುವ ಲೇಸರ್ ಜಾರುವ ಪ್ಲಾಸ್ಟಿಕ್ ಸವೆದು, ಜನರು ಯಂತ್ರವನ್ನು ತಲೆಕೆಳಗಾಗಿ ಇಟ್ಟು ಆಡಬೇಕಾಗುತ್ತಿತ್ತು.

ನಿಜವಾದ ತಿರುವು ಬಂದದ್ದು ಶಾಖದಿಂದ. 2005ರ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ 360 ಕೆಂಪು ದೀಪಗಳ ಉಂಗುರ ತೋರಿಸಿ ಸಾಯತೊಡಗಿತು. 2007ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಗಳಿಗೆ ವಿಸ್ತರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅದಕ್ಕಾಗಿ ತೆಗೆದಿರಿಸಿತು. ಆಡುವಾಗ ಕಾದು, ಆರಿಸಿದಾಗ ತಣಿಯುವ ಚಿಪ್ಪು ಪ್ರತಿ ಸಲವೂ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತದೆ. ಹೀಗೆ ನೂರಾರು ಸಲ ಆದ ಮೇಲೆ ಗ್ರಾಫಿಕ್ಸ್ ಚಿಪ್ಪಿನ ಒಳಗಿನ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುತ್ತವೆ. ಬಿಸಿಗಾಳಿ ಹಿಡಿದರೆ ಯಂತ್ರ ಕೆಲವು ವಾರ ಬದುಕುತ್ತಿತ್ತು, ಮತ್ತೆ ಸಾಯುತ್ತಿತ್ತು, ಏಕೆಂದರೆ ಬಿರುಕು ಇದ್ದದ್ದು ಚಿಪ್ಪಿನ ಹೊಟ್ಟೆಯೊಳಗೆ. ಬೋರ್ಡಿನ ಮೇಲಿನ ಬೆಸುಗೆಯನ್ನು ಎಷ್ಟು ಕರಗಿಸಿದರೂ ಅದು ವಾಸಿಯಾಗುವಂತಿರಲಿಲ್ಲ. ಆ ಬಿಸಿಗಾಳಿಯ ಚಿಕಿತ್ಸೆಗೆ ಪೂರ್ತಿ ಹಣ ಪಡೆಯುವುದು ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಪಾಠವನ್ನು ಕಂಪನಿಗಳು ಕಲಿತಿವೆ. ಇಂದಿನ ಪ್ಲೇಸ್ಟೇಷನ್ 5ರ ಪವರ್ ಸಪ್ಲೈ ಸುಮಾರು 350 ವಾಟಿನದ್ದು. ಅಷ್ಟು ಶಾಖವನ್ನು ಹೊರಹಾಕಲು ದೊಡ್ಡ ಹೀಟ್‌ಸಿಂಕ್, ಅಗಲವಾದ ಫ್ಯಾನ್, ಚಿಪ್ಪಿನ ಮೇಲೆ ದ್ರವಲೋಹ ಎಲ್ಲವೂ ಇವೆ. ಚಿಪ್ಪು ಸತ್ತ ಹೊಸ ಯಂತ್ರ ನನ್ನ ಮೇಜಿಗೆ ಬರುವುದು ಅಪರೂಪ. ಬರುವುದೆಲ್ಲ ನಮ್ಮ ಹವೆಗೆ ಸೋತವು. ಕಾಸರಗೋಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ, ಗಾಳಿಯನ್ನು ಬಿಡದೆ ಒಳಗೆಳೆಯುವ ಫ್ಯಾನ್ ತೇವವನ್ನೂ ಒಳಗೆಳೆಯುತ್ತದೆ. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು ಆ ತೇವದೊಡನೆ ಸೇರಿ ಹೀಟ್‌ಸಿಂಕಿನ ಎಡೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಕುಂಬಳೆ, ಉಪ್ಪಳದಂತಹ ಕಡಲ ಬದಿಯ ಊರುಗಳ ಯಂತ್ರಗಳಲ್ಲಿ ಸ್ಕ್ರೂಗಳಿಗೂ ಟಿ.ವಿ.ಗೆ ಜೋಡಿಸುವ ಎಚ್‌ಡಿಎಂಐ ಪೋರ್ಟಿನ ತಗಡಿಗೂ ತುಕ್ಕು ಹಿಡಿದಿರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಇರುವೆಗಳು ಸಂಸಾರ ಹೂಡಿರುವುದೂ ಉಂಟು. ಫ್ಯಾನ್ ಇಲ್ಲದ ಹಳೆಯ ಯಂತ್ರಗಳು ಈ ವಿಷಯದಲ್ಲಿ ಖಂಡಿತವಾಗಿಯೂ ಮೇಲು.

ಇನ್ನೊಂದು ದೊಡ್ಡ ದೂರು ಜಾಯ್‌ಸ್ಟಿಕ್ಕಿನದ್ದು. ಮುಟ್ಟದಿದ್ದರೂ ಪಾತ್ರ ತಾನೇ ಒಂದು ಕಡೆಗೆ ಸರಿಯುವ ಈ ರೋಗ 2017ರ ನಿಂಟೆಂಡೊ ಸ್ವಿಚ್ಚಿನಲ್ಲಿ ಎಷ್ಟು ಹಬ್ಬಿತೆಂದರೆ 2019ರಲ್ಲಿ ಅಮೆರಿಕದ ನ್ಯಾಯಾಲಯಕ್ಕೂ ಹೋಯಿತು. ಸ್ಟಿಕ್ಕಿನ ಅಡಿಯಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಉಜ್ಜುತ್ತಿರುತ್ತದೆ. ಪಟ್ಟಿ ಸವೆದಾಗ ಅಳತೆ ತಪ್ಪುತ್ತದೆ. ಅಯಸ್ಕಾಂತದಿಂದ ಅಳೆಯುವ, ಒಂದಕ್ಕೊಂದು ಉಜ್ಜದ ಹಾಲ್ ಸೆನ್ಸರ್ ಇದಕ್ಕೆ ಮದ್ದು. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟಿನಲ್ಲಿಯೇ ಅದನ್ನು ಬಳಸಿತ್ತು. ಇಷ್ಟು ವರ್ಷಗಳ ಹಿಂದೆಯೇ ಗೊತ್ತಿದ್ದ ಪರಿಹಾರವನ್ನು ಬಿಟ್ಟು, ಸವೆಯುವುದೆಂದು ತಿಳಿದಿರುವ ಭಾಗವನ್ನೇ ಮತ್ತೆ ಮತ್ತೆ ಹಾಕುವುದನ್ನು ನಾನು ಒಪ್ಪಲಾರೆ.

ಆದರೂ ಹೊಸ ಯಂತ್ರಗಳ ಮೇಲಿನ ನನ್ನ ಮುಖ್ಯ ಆಕ್ಷೇಪ ಅವು ಕೆಡುತ್ತವೆ ಎಂಬುದಲ್ಲ, ಕೆಟ್ಟ ಮೇಲೆ ಊರಿನಲ್ಲಿ ಸರಿಯಾಗುವುದಿಲ್ಲ ಎಂಬುದು. ಹಳೆಯ ಕನ್ಸೋಲಿನಲ್ಲಿ ಅಡಾಪ್ಟರ್, ಸ್ವಿಚ್, ಕೆಪ್ಯಾಸಿಟರ್ ಯಾವುದು ಹೋದರೂ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಅದಕ್ಕೆ ಸಾಟಿಯಾದದ್ದು ಸಿಗುತ್ತಿತ್ತು. ಪ್ಲೇಸ್ಟೇಷನ್ 5ರ ಮೊದಲ ಮಾದರಿಗಳಲ್ಲಿ ಡಿಸ್ಕ್ ಡ್ರೈವಿನ ಸರ್ಕ್ಯೂಟ್ ಆ ಒಂದು ಯಂತ್ರದ ಮುಖ್ಯ ಬೋರ್ಡಿಗೇ ಜೋಡಿಯಾಗಿರುತ್ತದೆ. ಇನ್ನೊಂದು ಯಂತ್ರದ ಒಳ್ಳೆಯ ಡ್ರೈವನ್ನು ಇಡಿಯಾಗಿ ತಂದು ಕೂರಿಸಿದರೆ ಆಟದ ಡಿಸ್ಕನ್ನು ಅದು ಓದದು. 2023ರಲ್ಲಿ ಬಂದ ತೆಳು ಮಾದರಿಯಲ್ಲಿ ಡ್ರೈವನ್ನು ಕೈಯಿಂದಲೇ ಬಿಚ್ಚಬಹುದು, ಆದರೆ ಹೊಸದನ್ನು ಜೋಡಿಸುವಾಗ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿನ ಒಪ್ಪಿಗೆ ಬೇಕು. ಆ ಸರ್ವರ್ ನಿಂತುಹೋದ ದಿನ, ಹೊಸದಾಗಿ ಜೋಡಿಸುವ ಡ್ರೈವ್ ಸರಿಯಾಗಿದ್ದರೂ ಕೆಟ್ಟದ್ದಕ್ಕೆ ಸಮ. ಇದು ಅತಿಯಾದ ಭಯವಲ್ಲ: 2010ರ ಮಾರ್ಚ್ 1ರಂದು ಹಳೆಯ ಪ್ಲೇಸ್ಟೇಷನ್ 3 ಯಂತ್ರಗಳ ಒಳಗಡಿಯಾರ ಆ ವರ್ಷವನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸಿದ್ದರಿಂದ, ಬಿಡಿಭಾಗವೊಂದೂ ಹಾಳಾಗದೆಯೇ ಲೋಕದಾದ್ಯಂತ ಅನೇಕ ಆಟಗಳು ಒಂದು ದಿನ ತೆರೆಯಲೇ ಇಲ್ಲ. 2023ರ ಮಾರ್ಚಿನಲ್ಲಿ ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು; ಅಲ್ಲಿಂದ ಹೊಸ ಆಟ ಕೊಳ್ಳುವ ದಾರಿ ಈಗಿಲ್ಲ.

ಆದುದರಿಂದ ಯಾವುದನ್ನು ಕೊಳ್ಳಲಿ ಎಂದು ಕೇಳುವವರಿಗೆ, ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ಕೊಳ್ಳಿರಿ ಎನ್ನುತ್ತೇನೆ. ಕಪಾಟಿನೊಳಗೆ ಇಡದೆ ಸುತ್ತಲೂ ಗಾಳಿಯಾಡುವಂತೆ ಇಡಬೇಕು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡದೆ ಆಗಾಗ ಸ್ವಲ್ಪ ಹೊತ್ತು ನಡೆಸಿ ಒಳಗಿನ ತೇವ ಆರಿಸಬೇಕು, ವರ್ಷಕ್ಕೊಮ್ಮೆ ಧೂಳು ತೆಗೆಸಬೇಕು. ತುಲಾ ಮಾಸದ ಸಂಜೆ ಗುಡುಗು ಶುರುವಾಗುವ ಮೊದಲೇ ಕರೆಂಟಿನ ಪ್ಲಗ್ಗಿನ ಜೊತೆಗೆ ಎಚ್‌ಡಿಎಂಐ ಮತ್ತು ಇಂಟರ್ನೆಟ್ ಕೇಬಲುಗಳನ್ನೂ ಕಳಚಬೇಕು; ಪ್ಲಗ್ಗನ್ನು ಮಾತ್ರ ಕಿತ್ತರೆ ಸಿಡಿಲು ಟಿ.ವಿ.ಯ ಕೇಬಲ್ ಹಿಡಿದು ಬಂದು ಎಚ್‌ಡಿಎಂಐ ಚಿಪ್ಪನ್ನು ಸುಡುತ್ತದೆ, ಮತ್ತು ಹಿಂಗಾರಿನ ದಿನಗಳಲ್ಲಿ ನನ್ನ ಬಳಿಗೆ ಬರುವ ಕನ್ಸೋಲುಗಳಲ್ಲಿ ಹೆಚ್ಚಿನವುಗಳ ರೋಗ ಇದೇ.