ಅಮೆರಿಕ, ಜರ್ಮನಿ ಬಿಟ್ಟು ಜಪಾನ್ ಯಾಕೆ?

ಜಪಾನಿಗೆ ಓದಲು ಹೋಗುವುದು ಖಾತ್ರಿಯಾದ ಮೇಲೆ ಸಿಕ್ಕವರೆಲ್ಲ ಕೇಳುವುದು ಇದನ್ನೇ. "ಎಲ್ಲರೂ ಅಮೆರಿಕಕ್ಕೋ ಜರ್ಮನಿಗೋ ಹೋಗ್ತಾರೆ, ನಿಂಗ್ಯಾಕೆ ಜಪಾನ್?" ಅದರ ಬೆನ್ನಿಗೇ ಇನ್ನೂ ಮೂರ್ನಾಲ್ಕು ಪ್ರಶ್ನೆ. ಭಾಷೆ ಬರುತ್ತಾ? ಊಟಕ್ಕೇನು ಮಾಡ್ತೀಯ? ದಿನಾ ಭೂಕಂಪ ಆಗುತ್ತಂತಲ್ಲ? ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ನಿಂತು ಇದಕ್ಕೆಲ್ಲ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ಜಪಾನಿನಲ್ಲಿ ಓದಲಿರುವುದು ಗುಡ್ಡ ಯಾಕೆ ಕುಸಿಯುತ್ತದೆ, ಕುಸಿಯುವ ಮುಂಚೆ ಗೊತ್ತಾಗುವುದು ಹೇಗೆ ಎಂಬುದನ್ನು. ಹೋಗುತ್ತಿರುವ ಊರು ಹಿರೋಶಿಮಾ.

ನಮ್ಮ ಮನೆ ಮಡಿಕೇರಿ ತಾಲ್ಲೂಕಿನಲ್ಲಿದೆ. 2018ರ ಆಗಸ್ಟ್‌ನಲ್ಲಿ ನಾನು ಹತ್ತನೇ ತರಗತಿಯಲ್ಲಿದ್ದೆ. ಆ ವಾರ ಕೊಡಗಿನಲ್ಲಿ ಗುಡ್ಡಗಳು ಕುಸಿದು, ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂಬ ಹೆಸರುಗಳು ಟಿವಿಯಲ್ಲಿ ಬರುತ್ತಲೇ ಇದ್ದವು. ನಮ್ಮ ಮನೆಗೆ ಏನೂ ಆಗಲಿಲ್ಲ. ನೆಂಟರೊಬ್ಬರ ಕಾಫಿ ತೋಟ ಮಾತ್ರ ಸಿಲ್ವರ್ ಓಕ್ ಮರ, ಮೆಣಸಿನ ಬಳ್ಳಿ ಸಮೇತ ಕೆಳಗಿನ ಗದ್ದೆಗೆ ಬಂದು ಬಿತ್ತು. ಅವರು ಇವತ್ತಿಗೂ ಆ ಜಾಗಕ್ಕೆ ಹೋಗುವುದಿಲ್ಲ. ಅದಾದ ಮೇಲೆ ಕೊಡಗಿನಲ್ಲೇ 2019ರಲ್ಲಿ ತೋರ ಎಂಬ ಊರಿನಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ ಕೊನೆಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ನಮ್ಮ ಕಡೆ ಬರೆ ಕುಸಿತ ಅಂತಾರೆ, ಶಿವಮೊಗ್ಗದ ಕಡೆ ಧರೆ ಕುಸಿತ ಅಂತಾರೆ. ಮಳೆಗಾಲದಲ್ಲಿ ಘಟ್ಟದ ಊರುಗಳಲ್ಲಿ ಈ ಮಾತು ಕೇಳದ ವರ್ಷವೇ ಇಲ್ಲ.

ಕಾಲೇಜಿನಲ್ಲಿ ಪ್ರಾಜೆಕ್ಟ್‌ಗಾಗಿ ಓದುತ್ತಿದ್ದಾಗ ಒಂದು ವಿಷಯ ಗೊತ್ತಾಯಿತು. ಕೊಡಗಿನಲ್ಲಿ ಗುಡ್ಡಗಳು ಕುಸಿಯುವ ಒಂದು ತಿಂಗಳ ಮೊದಲು, 2018ರ ಜುಲೈಯಲ್ಲಿ, ಪಶ್ಚಿಮ ಜಪಾನಿನಲ್ಲೂ ಭಾರೀ ಮಳೆಯಾಗಿತ್ತು. ಪ್ರವಾಹ, ಗುಡ್ಡ ಕುಸಿತ ಎಲ್ಲ ಸೇರಿ 200ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ನೂರಕ್ಕೂ ಹೆಚ್ಚು ಮಂದಿ ಹಿರೋಶಿಮಾ ಪ್ರಾಂತ್ಯದವರೇ. ಅಷ್ಟು ಮುಂದುವರಿದ ದೇಶದಲ್ಲೂ ಹೀಗಾಗುತ್ತದಾ ಎಂದು ಆಶ್ಚರ್ಯವಾಯಿತು. ಅಲ್ಲಿಂದ ಹಿಂದಿನ ವರ್ಷಗಳನ್ನೂ ಓದುತ್ತಾ ಹೋದೆ.

ಹಿರೋಶಿಮಾ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 1945ರ ಆಗಸ್ಟ್ 6, ಅಣುಬಾಂಬು. ಅದಾಗಿ ಆರು ವಾರಕ್ಕೆ, ಸೆಪ್ಟೆಂಬರ್ 17ರಂದು, ಮಕುರಝಾಕಿ ಎಂಬ ಚಂಡಮಾರುತ ಬಂತು. ಹಿರೋಶಿಮಾ ಪ್ರಾಂತ್ಯ ಒಂದರಲ್ಲೇ 2,000ಕ್ಕೂ ಹೆಚ್ಚು ಜನ ಸತ್ತರು. ಓನೋ ಎಂಬಲ್ಲಿ ಸೇನೆಯ ಆಸ್ಪತ್ರೆಯೊಂದಿತ್ತು. ಬಾಂಬಿನಿಂದ ಗಾಯಗೊಂಡವರು ಅಲ್ಲಿ ಮಲಗಿದ್ದರು, ಅವರನ್ನು ಪರೀಕ್ಷಿಸಲು ಕ್ಯೋಟೋ ವಿಶ್ವವಿದ್ಯಾಲಯದಿಂದ ಬಂದ ತಂಡವೂ ಅಲ್ಲೇ ಇತ್ತು. ಹಿಂದಿನ ಬೆಟ್ಟದಿಂದ ಕಲ್ಲು ಮಣ್ಣು ಬಂದು ರೋಗಿಗಳ ಮೇಲೂ ವೈದ್ಯರ ಮೇಲೂ ಬಿತ್ತು. ಬಾಂಬಿನಿಂದ ಹವಾಮಾನ ಕಚೇರಿ ಹಾಳಾಗಿತ್ತು, ಸಂಪರ್ಕ ಕಡಿದು ಹೋಗಿತ್ತು. ಮಳೆ ಬರುವ ಸುದ್ದಿಯೇ ಜನರಿಗೆ ಸರಿಯಾಗಿ ಮುಟ್ಟಲಿಲ್ಲ. ಬಾಂಬಿನ ಬಗ್ಗೆ ಶಾಲೆಯಿಂದಲೂ ಓದಿದ್ದೆ. ಈ ಮಳೆಯ ಬಗ್ಗೆ ಯಾರೂ ಹೇಳಿರಲಿಲ್ಲ.

1999ರ ಜೂನ್‌ನಲ್ಲಿ ಹಿರೋಶಿಮಾದಲ್ಲಿ ಮತ್ತೆ ಗುಡ್ಡ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ಅದರ ಮರುವರ್ಷವೇ ಜಪಾನ್ ಒಂದು ಹೊಸ ಕಾನೂನು ಮಾಡಿತು. ಅಪಾಯವಿರುವ ಇಳಿಜಾರುಗಳ ಸರ್ವೆ ಮಾಡಬೇಕು, ನಕ್ಷೆಯಲ್ಲಿ ಅಪಾಯದ ಜಾಗವನ್ನು ಹಳದಿ ವಲಯ, ಇನ್ನೂ ಹೆಚ್ಚು ಅಪಾಯದ ಜಾಗವನ್ನು ಕೆಂಪು ವಲಯ ಎಂದು ಗುರುತಿಸಬೇಕು. ಕೆಂಪು ವಲಯದಲ್ಲಿ ಮನೆ ಕಟ್ಟಲು ಬಿಗಿ ನಿಯಮ. ಅಂಥ ಜಾಗದ ಮನೆ ಮಾರುವವರು ಕೊಳ್ಳುವವರಿಗೆ ವಿಷಯ ತಿಳಿಸಲೇಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕಾನೂನು ಬೇಕಿಲ್ಲ ಅಲ್ವಾ?

ಆದರೂ 2014ರ ಆಗಸ್ಟ್‌ನಲ್ಲಿ ಅದೇ ಹಿರೋಶಿಮಾ ನಗರದ ಅಂಚಿನ ಬಡಾವಣೆಗಳ ಮೇಲೆ ರಾತ್ರೋರಾತ್ರಿ ಗುಡ್ಡ ಕುಸಿಯಿತು. 70ಕ್ಕೂ ಹೆಚ್ಚು ಜನ ಸತ್ತರು. ಹಾನಿಯಾದ ಜಾಗಗಳಲ್ಲಿ ಹೆಚ್ಚಿನವನ್ನು ವಲಯ ಎಂದು ಗುರುತಿಸುವ ಕೆಲಸ ಇನ್ನೂ ಆಗಿರಲೇ ಇಲ್ಲ. ಸರ್ವೆ ನಿಧಾನವಾಗಿತ್ತು. ಹಳದಿ ಬಣ್ಣ ಬಿದ್ದರೆ ಜಾಗದ ಬೆಲೆ ಇಳಿಯುತ್ತದೆ ಎಂಬ ಹೆದರಿಕೆಯೂ ಜನರಿಗಿತ್ತು. ಈ ಮಾತು ಓದಿದಾಗ ನಮ್ಮೂರಿನ ಗ್ರಾಮಸಭೆಯಲ್ಲೇ ಕೂತಂತೆ ಅನ್ನಿಸಿತು. ಗುಡ್ಡ ಕಡಿದು ಹೋಂಸ್ಟೇ ಕಟ್ಟುವವರು, ಜೆಸಿಬಿ ತಂದು ಅಂಗಳ ಅಗಲ ಮಾಡಿಸುವವರು ಕೆಟ್ಟವರೇನಲ್ಲ. ಸಮತಟ್ಟಾದ ಜಾಗವೇ ಇಲ್ಲದ ಕಡೆ ಬದುಕಬೇಕಲ್ಲ! ಹಿರೋಶಿಮಾದ ಜನ ಬೆಟ್ಟದ ಬುಡಕ್ಕೆ ಮನೆ ಕಟ್ಟಿಕೊಂಡು ಹೋದದ್ದೂ ಅದೇ ಕಾರಣಕ್ಕೆ. 2014ರ ಅನಾಹುತದ ನಂತರ ಕಾನೂನನ್ನು ಮತ್ತೆ ತಿದ್ದಿದರು. ವಲಯ ಗುರುತಿಸುವ ಮುಂಚೆಯೇ ಸರ್ವೆಯಲ್ಲಿ ಕಂಡದ್ದನ್ನು ಜನರಿಗೆ ತೋರಿಸಬೇಕು ಎಂದಾಯಿತು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಹಿರೋಶಿಮಾದ ಪಕ್ಕದಲ್ಲಿ ಸಾಕಾ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ 1907ರ ಅನಾಹುತದಲ್ಲಿ ಸತ್ತವರ ನೆನಪಿಗೆ ಒಂದು ಕಲ್ಲು ನೆಟ್ಟಿದ್ದರು. 2018ರಲ್ಲಿ ಅದೇ ಜಾಗಕ್ಕೆ ಮತ್ತೆ ಕಲ್ಲು ಮಣ್ಣು ನುಗ್ಗಿತು. ನೆನಪಿನ ಕಲ್ಲು ಅಲ್ಲೇ ಇತ್ತು. ಅದು ಹೇಳುತ್ತಿದ್ದುದು ಜನರ ಗಮನದಿಂದ ಜಾರಿತ್ತು. 2019ರಲ್ಲಿ ಜಪಾನಿನ ನಕ್ಷೆ ತಯಾರಿಸುವ ಸರ್ಕಾರಿ ಸಂಸ್ಥೆ ಇಂಥ ಕಲ್ಲುಗಳಿಗೆಂದೇ ನಕ್ಷೆಯಲ್ಲಿ ಒಂದು ಹೊಸ ಗುರುತು ತಂದಿತು. ಈಗ ದೇಶದ ಎಲ್ಲ ಕಡೆಯ ಕಲ್ಲುಗಳನ್ನು ಹುಡುಕಿ ನಕ್ಷೆಗೆ ಸೇರಿಸುತ್ತಿದ್ದಾರೆ.

ನನ್ನನ್ನು ಜಪಾನಿನತ್ತ ಎಳೆದದ್ದು ಇದು. ಅವರೂ ಸೋತಿದ್ದಾರೆ, ಮತ್ತೆ ಮತ್ತೆ ಸೋತಿದ್ದಾರೆ. ಆದರೆ ಎಲ್ಲಿ, ಯಾಕೆ ಸೋತೆವು ಎಂದು ಬರೆದಿಟ್ಟು ಮುಂದಿನ ಕೆಲಸವನ್ನು ಅಲ್ಲಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ ವರದಿ ಕೊಡುತ್ತಾರೆ. ಅಪಾಯದ ನಕ್ಷೆಯನ್ನೂ ಮಾಡಿದ್ದಾರೆ. ಆ ನಕ್ಷೆ ನನ್ನ ಊರಿನ ಎಷ್ಟು ಜನರ ಕೈಗೆ ಬಂದಿದೆ? ನನಗೆ ಗೊತ್ತಿರುವವರಲ್ಲಿ ಯಾರೂ ನೋಡಿಲ್ಲ.

ತಡೆಗೋಡೆಗಳ ಬಗ್ಗೆಯೂ ಒಂದು ಮಾತು. ಬೆಟ್ಟದ ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ಕಲ್ಲು ಮಣ್ಣನ್ನು ತಡೆದು ನಿಲ್ಲಿಸುವ ಕೆಲಸಕ್ಕೆ ಅಲ್ಲಿ ಸಬೋ ಎನ್ನುತ್ತಾರೆ. ಇದಕ್ಕೆ 1897ರಲ್ಲೇ ಕಾನೂನು ಬಂದಿದೆ. ತೊಯಾಮಾ ಪ್ರಾಂತ್ಯದ ತತೆಯಾಮಾದಲ್ಲಿ 1858ರ ಭೂಕಂಪಕ್ಕೆ ಒಂದು ಬೆಟ್ಟವೇ ಕುಸಿಯಿತು. ಆ ಮಣ್ಣು ಹೊಳೆಗೆ ಅಡ್ಡ ನಿಂತು, ಆಮೇಲೆ ಒಡೆದು, ಕೆಳಗಿನ ಬಯಲನ್ನು ಮುಳುಗಿಸಿತು. ಉಳಿದ ಮಣ್ಣು ಇನ್ನೂ ಮೇಲೇ ಇದೆ. ಅದನ್ನು ಹಿಡಿದಿಡುವ ಕೆಲಸವನ್ನು 1926ರಲ್ಲಿ ಕೇಂದ್ರ ಸರ್ಕಾರ ಕೈಗೆತ್ತಿಕೊಂಡಿತು. ಸಾಮಾನು ಸಾಗಿಸಲೆಂದೇ ಪುಟ್ಟ ರೈಲು ಹಾಕಿದ್ದಾರೆ. ಕಡಿದಾದ ಒಂದು ಕಡೆ ಅದು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡುತ್ತಾ ಸತತ 18 ಸಲ ದಿಕ್ಕು ಬದಲಿಸಿ ಬೆಟ್ಟ ಹತ್ತುತ್ತದೆ. ಕೆಲಸ ಇನ್ನೂ ನಡೆಯುತ್ತಲೇ ಇದೆ. ಐದು ವರ್ಷಕ್ಕೊಮ್ಮೆ ಯೋಜನೆಯ ಹೆಸರು ಬದಲಾಗುವುದನ್ನು ನೋಡಿ ಬೆಳೆದ ನನಗೆ ಇದು ದೊಡ್ಡ ವಿಷಯ.

ಹಾಗಂತ ಪಶ್ಚಿಮ ಘಟ್ಟದ ತೋಡುಗಳಿಗೆಲ್ಲ ಕಾಂಕ್ರೀಟ್ ಸುರಿಯಬೇಕು ಎನ್ನುವುದು ನನ್ನ ಮಾತಲ್ಲ. ಅಂಥ ಗೋಡೆಗಳಿಂದ ಮೀನು ಮೇಲಕ್ಕೆ ಹೋಗಲಾರದು, ಕೆಳಗೆ ಮರಳು ಬಾರದು. ಇದು ಅಲ್ಲಿನವರಿಗೂ ಗೊತ್ತಾಗಿ, ನಡುವೆ ಸೀಳು ಬಿಟ್ಟ ಗೋಡೆಗಳನ್ನು ಕಟ್ಟುತ್ತಿದ್ದಾರೆ. ನೆಲವೂ ಬೇರೆ. ಹಿರೋಶಿಮಾದ್ದು ಶಿಥಿಲವಾದ ಗ್ರಾನೈಟ್‌ನ ಮರಳು ಮರಳಾದ ಮಣ್ಣು. ನಮ್ಮದು ನೈಸ್ (gneiss) ಎಂಬ ಜಾತಿಯ ಬಂಡೆ ಕೊಳೆತು ಆದ ದಪ್ಪ ಕೆಂಪು ಮಣ್ಣು. ಅಲ್ಲಿನ ಗೋಡೆ ಇಲ್ಲಿಗೆ ಹೊಂದುವುದು ಕಷ್ಟ. ಹೊಂದುವುದು ಲೆಕ್ಕ ಹಾಕುವ ರೀತಿ. ನಾನು ಕಲಿಯಬೇಕು ಎಂದುಕೊಂಡಿರುವುದು ಅದನ್ನೇ.

ಆ ಲೆಕ್ಕ ಹೀಗಿದೆ. ಜಪಾನಿನ ಹವಾಮಾನ ಸಂಸ್ಥೆ ಇವತ್ತು ಎಷ್ಟು ಮಳೆ ಬಂತು ಎಂಬುದನ್ನಷ್ಟೇ ನೋಡಿ ಗುಡ್ಡ ಕುಸಿತದ ಎಚ್ಚರಿಕೆ ಕೊಡುವುದಿಲ್ಲ. ಮಣ್ಣಿನೊಳಗೆ ಈಗ ಎಷ್ಟು ನೀರು ನಿಂತಿರಬಹುದು ಎಂದು ಲೆಕ್ಕ ಹಾಕುತ್ತದೆ. ಇದನ್ನು ಟ್ಯಾಂಕ್ ಮಾಡೆಲ್ ಅಂತಾರೆ. ಒಂದರ ಕೆಳಗೊಂದು ಮೂರು ಟ್ಯಾಂಕ್ ಇಟ್ಟಿದ್ದಾರೆ ಅಂದುಕೊಳ್ಳಿ. ಎಲ್ಲದಕ್ಕೂ ಪಕ್ಕದಲ್ಲೂ ತೂತು, ತಳದಲ್ಲೂ ತೂತು. ಮಳೆ ಮೇಲಿನ ಟ್ಯಾಂಕಿಗೆ ಬೀಳುತ್ತದೆ. ಪಕ್ಕದಿಂದ ಹೋಗುವುದು ತೋಡಿಗೆ ಹರಿಯುವ ನೀರು. ತಳದಿಂದ ಇಳಿಯುವುದು ಮಣ್ಣಿಗೆ ಇಂಗುವ ನೀರು. ಮೂರರಲ್ಲೂ ಉಳಿದಿರುವುದನ್ನು ಕೂಡಿದರೆ ಗುಡ್ಡದೊಳಗಿನ ನೀರಿನ ಅಂದಾಜು ಸಿಗುತ್ತದೆ. ಹಿಂದೆ ಎಷ್ಟು ನೀರು ನಿಂತಾಗ ಕುಸಿತ ಆಗಿತ್ತು ಎಂಬ ದಾಖಲೆ ಇಟ್ಟುಕೊಂಡು, ಆ ಗೆರೆ ಹತ್ತಿರ ಬಂದಾಗ ಎಚ್ಚರಿಸುತ್ತಾರೆ. ನಿನ್ನೆ ಮೊನ್ನೆಯ ಮಳೆಯೂ ಲೆಕ್ಕದಲ್ಲಿ ಸೇರುತ್ತದೆ. 2018ರಲ್ಲಿ ಕೊಡಗಿನಲ್ಲಿ ಜೂನ್‌ನಿಂದಲೇ ಮಳೆ ಎಡೆಬಿಡದೆ ಹಿಡಿದಿತ್ತು. ಆಗಸ್ಟ್‌ನ ಮಳೆ ಬಿದ್ದದ್ದು ಆಗಲೇ ತುಂಬಿದ್ದ ಗುಡ್ಡದ ಮೇಲೆ.

ಇಂಥ ಲೆಕ್ಕಕ್ಕೆ ಮೊದಲು ಬೇಕಾದದ್ದು ಊರೂರಿನ ಹಳೆಯ ಮಳೆಯ ಅಂಕಿ. ಅದು ನಮ್ಮಲ್ಲಿದೆ! ಕೊಡಗಿನ ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮಳೆ ಮಾಪಕ ನೋಡಿ "ಎರಡು ಇಂಚು ಮೂವತ್ತು ಸೆಂಟ್" ಎಂದು ಪುಸ್ತಕದಲ್ಲಿ ಬರೆಯುವುದು ಎಷ್ಟೋ ಮನೆಗಳ ರೂಢಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ನಮ್ಮ ಅಜ್ಜನೂ ಬರೆಯುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು ಎನ್ನುವುದಕ್ಕೆ ಆ ಪುಸ್ತಕ. ಗುಡ್ಡದ ವಿಷಯಕ್ಕೆ ಅದನ್ನು ಯಾರೂ ತೆರೆದು ನೋಡಲಿಲ್ಲ. ನಮ್ಮಲ್ಲಿ ಮಳೆಯ ಲೆಕ್ಕ ಇದೆ, ಗುಡ್ಡದ ಲೆಕ್ಕ ಇಲ್ಲ. ಒಂದರಿಂದ ಇನ್ನೊಂದನ್ನು ಮಾಡುವುದು ಹೇಗೆ ಎಂದು ಕಲಿಯಲು ಹೋಗುತ್ತಿದ್ದೇನೆ.

ಇನ್ನು ಉಳಿದ ಪ್ರಶ್ನೆಗಳು.

ಭಾಷೆ ಕಲಿಯುತ್ತಿದ್ದೇನೆ. ಸ್ನಾತಕೋತ್ತರ ಪಾಠವನ್ನು ಇಂಗ್ಲಿಷಿನಲ್ಲಿ ಮಾಡುವ ವಿಶ್ವವಿದ್ಯಾಲಯಗಳು ಅಲ್ಲಿ ಬೇಕಾದಷ್ಟಿವೆ. ಆದರೆ ಬೆಟ್ಟದ ಬುಡದ ಮನೆಯ ಅಜ್ಜಿಯೊಬ್ಬರು ಆ ರಾತ್ರಿ ಯಾಕೆ ಮನೆ ಬಿಟ್ಟು ಹೊರಡಲಿಲ್ಲ ಎಂದು ಕೇಳಲು ಜಪಾನಿ ಬೇಕೇ ಬೇಕು. ವಾಕ್ಯ ಕಟ್ಟುವುದು ಕನ್ನಡದವರಿಗೆ ಅಷ್ಟು ಕಷ್ಟ ಅನ್ನಿಸುವುದಿಲ್ಲ, ಕ್ರಿಯಾಪದ ನಮ್ಮ ಹಾಗೆ ಕೊನೆಗೇ ಬರುತ್ತದೆ. ಅಕ್ಷರಮಾಲೆಯೂ ಅ, ಇ, ಉ ಎಂದು ಶುರುವಾಗಿ ಕ, ಸ, ತ, ನ ಎಂದು ಹೋಗುತ್ತದೆ. ಬೌದ್ಧರ ಜೊತೆ ಭಾರತದಿಂದ ಹೋದ ಸಿದ್ಧಂ ಲಿಪಿಯ ಪ್ರಭಾವ ಅದು. ಕಷ್ಟ ಇರುವುದು ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳಲ್ಲಿ. ದಿನಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವುದೇ 2,136. ಭಾಷೆಯ ಮಟ್ಟ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಎನ್5 ಎಲ್ಲಕ್ಕಿಂತ ಸುಲಭ, ಎನ್1 ಎಲ್ಲಕ್ಕಿಂತ ಕಷ್ಟ.

ಊಟದ ಚಿಂತೆ ನನಗಿಲ್ಲ, ಮೀನು ಮಾಂಸ ತಿನ್ನುತ್ತೇನೆ. ತಿನ್ನದವರು ಮಾತ್ರ ಹುಷಾರಾಗಿರಬೇಕು. ನೋಡಲು ಬರೀ ತರಕಾರಿ ಇದ್ದರೂ ಸಾರಿಗೆ ಒಣಮೀನಿನ ರಸ ಹಾಕಿರುತ್ತಾರೆ. ಅಮ್ಮನಿಗೆ ಖುಷಿಯಾದ ಸುದ್ದಿ ಬೇರೆ. ಕಣಿಲೆ (ಎಳೆ ಬಿದಿರು), ಕೆಸುವಿನ ಗಡ್ಡೆ ಎರಡೂ ಅಲ್ಲಿನ ಮನೆ ಅಡುಗೆಯಲ್ಲಿವೆ.

ಭೂಕಂಪ ಆಗುತ್ತದೆ, ನಿಜ. ಸುಮ್ನೆ ಧೈರ್ಯ ಹೇಳುವುದಿಲ್ಲ. ಆದರೆ 1981ರಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿದರು. 1995ರಲ್ಲಿ ಕೋಬೆಯಲ್ಲಿ 6,400ಕ್ಕೂ ಹೆಚ್ಚು ಜನ ಸತ್ತಾಗ ಜಾಸ್ತಿ ಬಿದ್ದದ್ದು ಅದಕ್ಕಿಂತ ಹಳೆಯ ಮನೆಗಳು. ಬಾಡಿಗೆಗೆ ರೂಮು ನೋಡುವಾಗ ಕಟ್ಟಿದ ವರ್ಷ ಕೇಳುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ದುಡ್ಡಿನ ವಿಷಯ ಕಿರಿಯರು ಜಾಸ್ತಿ ಕೇಳುತ್ತಾರೆ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವಿಲ್ಲ, ವಿಮಾನದ ಟಿಕೆಟ್ ಅವರದೇ, ತಿಂಗಳಿಗೆ ಸುಮಾರು 1,44,000 ಯೆನ್ ಕೊಡುತ್ತಾರೆ. ರಾಯಭಾರ ಕಚೇರಿಯ ಮೂಲಕ ಒಂದು ದಾರಿ, ವಿಶ್ವವಿದ್ಯಾಲಯದ ಮೂಲಕ ಇನ್ನೊಂದು. ಎರಡರಲ್ಲೂ ಮುಖ್ಯವಾದದ್ದು ಸಂಶೋಧನೆಯ ಯೋಜನೆ ಬರೆಯುವುದು. ಪ್ರೊಫೆಸರ್‌ಗೆ ಮೇಲ್ ಹಾಕುವ ಮುಂಚೆ ಅವರ ಪೇಪರ್‌ಗಳನ್ನು ನಿಜವಾಗಿ ಓದಿ. ನಿಮ್ಮ ಊರಿನ ಸಮಸ್ಯೆಯನ್ನು ಅವರ ಕೆಲಸದ ಜೊತೆ ಜೋಡಿಸಿ ಬರೆಯಿರಿ. ಎಲ್ಲರಿಗೂ ಒಂದೇ ಮೇಲ್ ಕಳಿಸಿದರೆ ಉತ್ತರ ಬರುವುದಿಲ್ಲ.

"ವಾಪಸ್ ಬರ್ತೀಯಾ?" ಎಂದು ಅಜ್ಜಿ ಒಬ್ಬರೇ ಕೇಳಿದ್ದು. ಬರುತ್ತೇನೆ. ಬಂದು ಮಾಡುವ ಕೆಲಸಕ್ಕೆ ಈಗಲೇ ನಿಮ್ಮ ಸಹಾಯ ಬೇಕು. ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಡೆ ನಿಮ್ಮ ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಪುಟಗಳ ಫೋಟೊ ತೆಗೆದು ನನಗೆ ಕಳಿಸಿ. ಪೂರ್ತಿ ಪುಸ್ತಕ ಆಗದಿದ್ದರೆ 2018, 2019ರ ಜೂನ್‌ನಿಂದ ಆಗಸ್ಟ್‌ವರೆಗಿನ ಪುಟಗಳು ಸಾಕು. ಮಾಪಕ ಮನೆಯ ಯಾವ ಕಡೆ ಇದೆ, ಹತ್ತಿರದಲ್ಲಿ ಎಲ್ಲಿ ಬರೆ ಕುಸಿದಿತ್ತು, ಯಾವ ದಿನ, ಹಗಲೋ ರಾತ್ರಿಯೋ ಎಂಬುದನ್ನೂ ಎರಡು ಸಾಲು ಬರೆಯಿರಿ. ತಾರೀಖು ಸರಿಯಾಗಿ ನೆನಪಿಲ್ಲದಿದ್ದರೂ ಬರೆಯಿರಿ, ಪಕ್ಕದ ಮನೆಯವರ ಪುಸ್ತಕದ ಜೊತೆ ಹೊಂದಿಸಿ ನೋಡುತ್ತೇನೆ.